6174ರ ಮೇಷ್ಟ್ರು

ಫಸ್ಟ್ ಇಯರ್ ಸಿ ಲ್ಯಾಬ್‌ನಲ್ಲಿ ನಾವೆಲ್ಲ ಬರೆದ ಪ್ರೋಗ್ರಾಂಗಳನ್ನ ಸ್ವಲ್ಪ ನೆನಪಿಸಿಕೊಳ್ಳಿ. ಒಂದು ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡೋದು, ಅದನ್ನ ಉಲ್ಟಾ ಮಾಡೋದು, ಪ್ಯಾಲಿಂಡ್ರೋಮ್ ಹೌದೋ ಅಲ್ವೋ ನೋಡೋದು. ರೆಕಾರ್ಡ್ ಬುಕ್ಕಿಗೆ ಸಹಿ ಬಿದ್ದ ಮೇಲೆ ಅವನ್ನ ಯಾರೂ ಮತ್ತೆ ತೆಗೆದು ನೋಡಿರಲಿಕ್ಕಿಲ್ಲ. ಆದರೆ ಹೆಚ್ಚುಕಡಿಮೆ ಇದೇ ಕೆಲಸವನ್ನ, ಕಂಪ್ಯೂಟರ್ ಇಲ್ಲದೆ, ಬರೀ ಪೆನ್ನು ಕಾಗದ ಹಿಡ್ಕೊಂಡು ಜೀವನಪೂರ್ತಿ ಮಾಡಿದ ಒಬ್ಬ ಸ್ಕೂಲ್ ಮೇಷ್ಟ್ರಿದ್ದರು. ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ಅವರು ಹುಟ್ಟಿದ್ದು 1905ರ ಜನವರಿ 17ರಂದು, ಮುಂಬಯಿಗೆ ಉತ್ತರದಲ್ಲಿರೋ ಡಹಾಣು ಊರಲ್ಲಿ. ಎಂಟು ವರ್ಷಕ್ಕೇ ತಾಯಿ ತೀರಿಕೊಂಡರು. ಅಪ್ಪ ಗುಮಾಸ್ತರು, ಜ್ಯೋತಿಷ್ಯದ ಹುಚ್ಚಿತ್ತು. ಜ್ಯೋತಿಷ್ಯ ಅಂದ್ರೆ ಲೆಕ್ಕ ತಾನೇ, ಮಗನಿಗೆ ಆ ಲೆಕ್ಕದ ರುಚಿ ಹತ್ತಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ 1927ರಲ್ಲಿ ರ್‍ಯಾಂಗ್ಲರ್ ಪರಾಂಜಪೆ ಹೆಸರಿನ ಗಣಿತದ ಬಹುಮಾನ ಬಂತು. 1929ರಲ್ಲಿ ಡಿಗ್ರಿ ಮುಗೀತು. ಎಂಎಸ್ಸಿ, ಪಿಎಚ್‌ಡಿ ಯಾವುದೂ ಮಾಡಲಿಲ್ಲ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿ ಸೇರಿ 1962ರಲ್ಲಿ ನಿವೃತ್ತಿ ಆಗೋವರೆಗೂ ಪಾಠ ಮಾಡಿಕೊಂಡಿದ್ದರು.

ಅವರ ಅತಿ ಪ್ರಸಿದ್ಧ ಶೋಧ 1946ರದ್ದು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನ ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಅವರು ಹುಟ್ಟಿದ ವರ್ಷವನ್ನೇ ಹಾಕಿ ನೋಡೋಣ. 9510ರಿಂದ 0159 ಕಳೆದರೆ 9351. ಆಮೇಲೆ ಸಾಲಾಗಿ 8172, 7443, 3996, 6264, 4176, ಕೊನೆಗೆ 6174. ಇಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 7641ರಿಂದ 1467 ಹೋಗಿ ಮತ್ತೆ 6174ಏ ಬರುತ್ತೆ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಹೆಚ್ಚೆಂದರೆ ಏಳು ಹೆಜ್ಜೆ. 1905ಕ್ಕೆ ಪೂರ್ತಿ ಏಳೂ ಬೇಕಾಯ್ತು ನೋಡಿ! ಇದನ್ನ ಅವರು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದರು.

ಅವರ ಹತ್ತಿರ ಇಂಥವು ಇನ್ನೂ ತುಂಬಾ ಇದ್ದವು. 45ರ ವರ್ಗ 2025, 20 ಮತ್ತು 25 ಕೂಡಿದರೆ ಮತ್ತೆ 45. ಇಂಥವಕ್ಕೆ ಈಗ ಕಾಪ್ರೇಕರ್ ಸಂಖ್ಯೆ ಅಂತಾರೆ. ತನ್ನ ಅಂಕಿಗಳ ಮೊತ್ತದಿಂದ ಭಾಗ ಹೋಗೋ ಸಂಖ್ಯೆಗೆ ಹರ್ಷದ, ಅಂದ್ರೆ ಖುಷಿ ಕೊಡೋದು ಅಂತ ಹೆಸರಿಟ್ಟರು. ರಾಮಾನುಜನ್ನರ 1729 ಕೂಡ ಹರ್ಷದ ಸಂಖ್ಯೆನೇ: ಅಂಕಿಗಳ ಮೊತ್ತ 19, 19 ಇಂಟು 91 ಅಂದ್ರೆ 1729. ಇನ್ನು 15ಕ್ಕೆ ಅದರ ಅಂಕಿಗಳ ಮೊತ್ತ 6 ಸೇರಿಸಿದರೆ 21 ಹುಟ್ಟುತ್ತೆ. ಆದರೆ ಯಾವ ಸಂಖ್ಯೆಯಿಂದ ಹೀಗೆ ಮಾಡಿದರೂ 20 ಹುಟ್ಟಲ್ಲ. ಅಂಥವಕ್ಕೆ ತಮ್ಮೂರಿನ ಹೆಸರನ್ನೇ ಕೊಟ್ಟು ದೇವಳಾಲಿ ಸಂಖ್ಯೆ ಅಂದರು. 121, 12321 ಥರದ ಡೆಮ್ಲೊ ಸಂಖ್ಯೆಗಳ ಹೆಸರು ರೈಲ್ವೆ ಸ್ಟೇಷನ್ನಿಂದ ಬಂದಿದ್ದು, ಇವತ್ತಿನ ಡೊಂಬಿವಲಿ. ಮೇಷ್ಟ್ರ ರಸಿಕತೆ ನನಗಂತೂ ಇಷ್ಟ ಆಯ್ತು.

ಆದರೆ ದೊಡ್ಡ ಗಣಿತಜ್ಞರು ನಕ್ಕರು. ಇದೆಲ್ಲ ಮಕ್ಕಳಾಟ ಅಂತ ನಮ್ಮ ದೇಶದವರೇ ಎಷ್ಟೋ ಜನ ಅಂದುಕೊಂಡರು. ಒಳ್ಳೆ ಜರ್ನಲ್‌ಗಳಲ್ಲಿ ಜಾಗ ಸಿಗೋದು ಕಷ್ಟವಾಗಿತ್ತು, ಹಾಗಾಗಿ ಸ್ವಂತ ಖರ್ಚಲ್ಲಿ ಪುಟ್ಟ ಪುಸ್ತಕಗಳನ್ನ ಅಚ್ಚು ಹಾಕಿಸಿ, ದೇವಳಾಲಿಯ ವಿಳಾಸ ಕೊಟ್ಟು ಹಂಚುತ್ತಿದ್ದರು.

ನಗುವವರ ಹತ್ತಿರ ಒಂದು ಕಾರಣವೂ ಇತ್ತು, ಅದನ್ನ ತಳ್ಳಿಹಾಕೋಕಾಗಲ್ಲ. ರಾಮಾನುಜನ್ನರನ್ನ ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಹಾರ್ಡಿ 1940ರ ತಮ್ಮ ಪುಸ್ತಕದಲ್ಲಿ ಇಂಥದ್ದೇ ಒಂದು ಸಂಗತಿಯನ್ನ ಪಕ್ಕಕ್ಕೆ ಸರಿಸಿದ್ದರು. 8712 ಮತ್ತು 9801 ಎರಡೂ ತಮ್ಮದೇ ಉಲ್ಟಾ ರೂಪದ ಗುಣಲಬ್ಧಗಳು, ಕ್ರಮವಾಗಿ ನಾಲ್ಕು ಪಟ್ಟು, ಒಂಬತ್ತು ಪಟ್ಟು. ಪೇಪರಿನ ಪಝಲ್ ಕಾಲಮ್ಮಿಗೆ ಸರಿ, ಗಣಿತಕ್ಕಲ್ಲ ಅನ್ನೋದು ಹಾರ್ಡಿಯವರ ಅಭಿಪ್ರಾಯ. ಅದರಲ್ಲಿ ಅರ್ಥ ಇದೆ. 17 ಅವಿಭಾಜ್ಯ ಅನ್ನೋದು ಬೈನರಿಯಲ್ಲಿ ಬರೆದರೂ ನಿಜ, ಹೆಕ್ಸಲ್ಲಿ ಬರೆದರೂ ನಿಜ. ಆದರೆ 6174ರ ಮ್ಯಾಜಿಕ್ ನಾವು ಬೇಸ್ ಹತ್ತರಲ್ಲಿ ಬರೀತೀವಿ ಅನ್ನೋದರ ಮೇಲೆ ನಿಂತಿದೆ. ನಮಗೆ ಎಂಟೇ ಬೆರಳಿದ್ದಿದ್ದರೆ?

ಈ ಪ್ರಶ್ನೆಗೆ ಉತ್ತರ ನಮ್ಮ ಲ್ಯಾಬ್ ಪ್ರೋಗ್ರಾಂನಲ್ಲೇ ಇದೆ. ಅಂಕಿ ಬಿಡಿಸೋಕೆ ನಾವು ಹತ್ತರಿಂದ ಭಾಗಿಸಿ ಶೇಷ ತಗೋತೀವಿ. ಆ ಹತ್ತನ್ನ ಅಳಿಸಿ ಬೇಸ್ ಅನ್ನೋದನ್ನ ಪ್ಯಾರಾಮೀಟರ್ ಮಾಡಿ. ಒಂದು ಫಂಕ್ಷನ್ ಸಂಖ್ಯೆಯನ್ನ ಅಂಕಿಗಳ ಪಟ್ಟಿ ಮಾಡಲಿ, ಇನ್ನೊಂದು ಪಟ್ಟಿಯನ್ನ ವಾಪಸ್ ಸಂಖ್ಯೆ ಮಾಡಲಿ, ನಡುವೆ ಒಂದು ಸಾರ್ಟ್. ಮುಂದಿನ ಸೊನ್ನೆಗಳು ಮಾತ್ರ ಬಿದ್ದುಹೋಗಬಾರದು, 999 ಬಂದರೆ 0999 ಅಂತಲೇ ಇಟ್ಟುಕೊಳ್ಳಬೇಕು. ಈಗ ಬೇಸ್ 5 ಕೊಟ್ಟರೆ ಎಲ್ಲ ಸಂಖ್ಯೆಗಳೂ 3032ಕ್ಕೆ ಬಂದು ನಿಲ್ಲುತ್ತವೆ. ಬೇಸ್ 8 ಕೊಟ್ಟರೆ 6332, 3774, 4244, 1776, 6062, ಮತ್ತೆ 6332 ಅಂತ ಗಾಣದೆತ್ತಿನ ಹಾಗೆ ಸುತ್ತೋ ಒಂದು ಚಕ್ರ ಸಿಗುತ್ತೆ. ಹಾಗಾದ್ರೆ ಯಾವ ಬೇಸ್‌ನಲ್ಲಿ ನಿಲ್ಲುತ್ತೆ, ಯಾವುದರಲ್ಲಿ ಸುತ್ತುತ್ತೆ, ಯಾಕೆ? ಇದು ಪಝಲ್ ಕಾಲಮ್ಮಿನ ಪ್ರಶ್ನೆ ಅಲ್ಲ. ಜರ್ಮನಿಯ ಹೆಲ್ಮುಟ್ ಹಾಸೆ, 20ನೇ ಶತಮಾನದ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು, ಪ್ರಿಚೆಟ್ ಅನ್ನುವವರ ಜೊತೆ ಸೇರಿ 1978ರಲ್ಲಿ ಇದಕ್ಕೇ ಒಂದು ಪೇಪರ್ ಬರೆದರು. ಶೀರ್ಷಿಕೆಯಲ್ಲೇ ಕಾಪ್ರೇಕರ್ ಹೆಸರಿತ್ತು. ಆಗ ಮೇಷ್ಟ್ರಿಗೆ 73.

ಅದಕ್ಕೂ ಮೂರು ವರ್ಷ ಮುಂಚೆ, 1975ರಲ್ಲಿ, ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್‌ನ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದಿದ್ದರು. ಜಗತ್ತಿಗೆ ಹೆಸರು ಗೊತ್ತಾಗಿದ್ದು ಅಲ್ಲಿಂದ. ಆದರೆ ಹೆಸರು ಬಂತು ಅಂತ ಪೆನ್ಶನ್ ಜಾಸ್ತಿ ಆಗಲ್ಲವಲ್ಲ. ನಿವೃತ್ತಿ ಆದಮೇಲೆ ಸಿಗ್ತಿದ್ದ ಹಣ ಸಾಲದೆ, ಗಣಿತ ವಿಜ್ಞಾನದ ಟ್ಯೂಷನ್ ಹೇಳಿ ಜೀವನ ನಡೆಸಿದರು. ತೀರಿಕೊಂಡಿದ್ದು 1986ರಲ್ಲಿ.

ಆ ವರ್ಷವನ್ನೂ ಫಂಕ್ಷನ್ನಿಗೆ ಕೊಟ್ಟು ನೋಡಿ. ಮೊದಲ ಹೆಜ್ಜೆಗೇ 8172 ಬರುತ್ತೆ, 1905 ನಡೆದ ದಾರಿಗೇ ಸೇರಿಕೊಂಡು ಆರು ಹೆಜ್ಜೆಯಲ್ಲಿ 6174 ಮುಟ್ಟುತ್ತೆ.