ಕೇಳದ ಸ್ವರವನ್ನು ಕೇಳಿಸಿದ ಅರಸು

ಬೆಂಗಳೂರಿನಿಂದ ಉತ್ತರಕ್ಕೆ ನೂರು ಕಿಲೋಮೀಟರಿನಷ್ಟು ಹೋದರೆ ಹಿಂದೂಪುರ. ಊರು ಆಂಧ್ರದ್ದು, ಆದರೆ ಪೇಟೆಯಲ್ಲಿ ತೆಲುಗಿನ ಜೊತೆಗೆ ಕನ್ನಡವೂ ಧಾರಾಳವಾಗಿ ಕಿವಿಗೆ ಬೀಳುತ್ತದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆ ಅತ್ತ ಸೇರಿತು. ಮೂರು ವರ್ಷಗಳ ಬಳಿಕ ಕಾಸರಗೋಡಿನವರಾದ ನಾವು ಇತ್ತ ಸೇರಿದೆವು. ಹೀಗಾಗಿ ಅಲ್ಲಿನ ಕನ್ನಡ ಮನೆಗಳಿಗೆ ಹೋದಾಗ ನಮಗೆ ಪರಸ್ಥಳವೆನಿಸುವುದಿಲ್ಲ.

ಈಚೆಗೆ ಅಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗುವ ಯೋಗ ಕೂಡಿಬಂತು. ಮನೆಯ ಯಜಮಾನರಿಗೆ ಸಂಗೀತದ ಹುಚ್ಚು. ಜೀವಮಾನದ ಉಳಿತಾಯದಲ್ಲಿ ಒಂದು ಪಾಲು ಸುರಿದು ಉತ್ತಮ ದರ್ಜೆಯ ಸ್ಟೀರಿಯೋ ಕೂಡಿಸಿಕೊಂಡಿದ್ದಾರೆ. ನಾವು ಹೋದ ದಿನವೇ ಅದಕ್ಕೆ ಸಬ್‌ವೂಫರ್ ಎಂಬ ಇನ್ನೊಂದು ಪೆಟ್ಟಿಗೆ ಬಂದಿಳಿದಿತ್ತು. ಕಲ್ಯಾಣದುರ್ಗದಿಂದ ಬಂದಿದ್ದ ಅವರ ಭಾವನವರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಚೆನ್ನಾಗಿಯೇ ಹಾಡುತ್ತಿದ್ದ ಯಂತ್ರಕ್ಕೆ ಬಾಲ ಕಟ್ಟುವುದೇಕೆ, ಜಾತ್ರೆಯ ಗದ್ದಲವನ್ನು ಮನೆಯೊಳಗೆ ತರುವುದೇಕೆ ಎಂಬುದು ಅವರ ವಾದ. ಭಾವಂದಿರ ಈ ಜಗಳದ ನಡುವೆ ಕುಳಿತಿದ್ದ ನಮಗೆ ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರ ನೆನಪಾಯಿತು.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ಮನಸ್ಸೆಲ್ಲ ಪಿಯಾನೋದ ಮೇಲಿತ್ತು. ಕಛೇರಿ ನಡೆಸುವ ಪಿಯಾನೋ ವಾದಕನಾಗಬೇಕೆಂಬುದು ತರುಣನ ಹಂಬಲ. ಆದರೆ 1940ರ ಮಾರ್ಚಿಯಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪನೂ ಹೋದರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸಿಂಹಾಸನ ಏರಬೇಕಾಯಿತು. ಪಿಯಾನೋದ ಮುಂದೆ ಕೂರಬೇಕೆಂದಿದ್ದವರು ದರ್ಬಾರಿನಲ್ಲಿ ಕುಳಿತರು.

ಹಂಬಲ ಮಾತ್ರ ಸಾಯಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಸಂದಿತು. ಇತ್ತ ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತರು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರ ಸಹವಾಸವಿತ್ತು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಋಗ್ವೇದದ ಕನ್ನಡ ಅನುವಾದವನ್ನು ಸಂಪುಟ ಸಂಪುಟವಾಗಿ ಹೊರತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯೂ ಅವರ ಆಶ್ರಯದಲ್ಲಿಯೇ ಬೆಳೆಯಿತು.

ಕಛೇರಿ ಮಾಡಲಾಗದವರು ಕೇಳುಗರಾದರು. ಅದೂ ಅಂತಿಂಥ ಕೇಳುಗರಲ್ಲ. ರಷ್ಯಾ ದೇಶದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರ 1930ರ ದಶಕದಲ್ಲಿ ಲಂಡನ್ನಿಗೆ ಬಂದು ನೆಲೆಸಿದ್ದ. ಕಾಲದ ಹೊಸ ಗಾಳಿಗೆ ಒಗ್ಗದವನು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು. ವೃದ್ಧಾಪ್ಯ, ಹೃದ್ರೋಗ, ಬಡತನ. ತನ್ನ ಕೃತಿಗಳು ತನ್ನೊಡನೆಯೇ ಮಣ್ಣಾಗುವ ಸ್ಥಿತಿ. ಆತನ ಸಂಗೀತವನ್ನು ಮೆಚ್ಚಿದ್ದ ಮಹಾರಾಜರು ಸಾವಿರಾರು ಮೈಲಿ ದೂರದ ಮೈಸೂರಿನಿಂದ ಕೈಚಾಚಿದರು. ಅವರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್.ಎಂ.ವಿ. ಸಂಸ್ಥೆ ಮೆಟ್ನರನನ್ನೇ ಕೂರಿಸಿ, ಅವನ ಮೂರು ಪಿಯಾನೋ ಕಾಂಚೆರ್ಟೋಗಳನ್ನೂ ಇತರ ಕೃತಿಗಳನ್ನೂ ಧ್ವನಿಮುದ್ರಿಸಿತು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಕಾಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡ; ಆದರೆ ಆತನ ಬೆರಳಿನ ದನಿ ಉಳಿದುಕೊಂಡಿತು.

ಇದೇ ಕಾಲದಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಅವರ ನೆರವು ದೊರೆಯಿತು. ಅದರ ಕಛೇರಿ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಅವರೇ. ರಿಚರ್ಡ್ ಸ್ಟ್ರೌಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳ ಪ್ರಥಮ ಗಾಯನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರಿನ ದೊರೆ. ಸ್ವತಃ ಹೋಗಿ ಕೇಳಲಾಗಲಿಲ್ಲ; ಅದರ ಧ್ವನಿಮುದ್ರಣವನ್ನು ಮೈಸೂರಿಗೆ ತರಿಸಿಕೊಂಡರು.

ಆ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಮಹಾರಾಜರ ಕರೆಯ ಮೇರೆಗೆ ಮೈಸೂರಿಗೆ ಬಂದಾಗ ಬೆರಗಾದನಂತೆ. ಅರಮನೆಯಲ್ಲಿ ರೆಕಾರ್ಡುಗಳ ಭಾರೀ ಭಂಡಾರ, ಹಲವು ದೊಡ್ಡ ಪಿಯಾನೋಗಳು, ಜೊತೆಗೆ ಬಗೆಬಗೆಯ ದೊಡ್ಡ ಧ್ವನಿವರ್ಧಕಗಳು. ದೊಡ್ಡ ಧ್ವನಿವರ್ಧಕಗಳು ಅರಸರ ಬರೀ ಆಡಂಬರವೇ? ಅಲ್ಲವೆಂದು ನಮ್ಮ ಎಣಿಕೆ.

ಪಿಯಾನೋದ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ 27.5 ಕಂಪನಗಳದ್ದು. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ 65ರ ಸುಮಾರಿಗೆ ಬರುತ್ತದೆ. ಸೆಕೆಂಡಿಗೆ 40 ಕಂಪನಗಳ ಸ್ವರದ ಒಂದೊಂದು ಅಲೆ 28 ಅಡಿ ಉದ್ದ. ಇಷ್ಟು ಉದ್ದದ ಅಲೆಯನ್ನು ಎಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. ಅಂಗೈಯಗಲದ ಸ್ಪೀಕರಿಗೆ ಅದು ಆಗದ ಕೆಲಸ. ಅಂಥ ಪೆಟ್ಟಿಗೆಯಲ್ಲಿ ಹಾಡು ಬರುತ್ತದೆ, ಹಾಡು ನಿಂತ ನೆಲ ಬರುವುದಿಲ್ಲ. ಮಹಾರಾಜರ ಕಾಲದಲ್ಲಿ ಇದಕ್ಕೆ ಇದ್ದ ದಾರಿ ದೊಡ್ಡ ಧ್ವನಿವರ್ಧಕ ಒಂದೇ. ಮಂದ್ರಕ್ಕೆಂದೇ ಬೇರೆ ಪೆಟ್ಟಿಗೆ ಮನೆಮನೆಗೆ ಬಂದದ್ದು ಆಮೇಲೆ.

ಇಷ್ಟನ್ನು ಹೇಳಿ ಹಿಂದೂಪುರದಲ್ಲಿ ನಾವೇ ಪಂಚಾಯಿತಿಗೆ ಕುಳಿತೆವು. ಯಜಮಾನರು ಮೊದಲು ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ದನಿಯನ್ನು ಪೂರ್ತಿ ಏರಿಸಿದ್ದರು. ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಸೇರಿ ಮಂದ್ರವನ್ನು ಊದಿಸುತ್ತವೆ. ಮೃದಂಗವೆಲ್ಲ ಗುಡುಗಾಗಿ ಕಪಾಟಿನ ಪಾತ್ರೆಗಳು ಅದುರುತ್ತಿದ್ದವು. ಭಾವನವರ ಸಿಟ್ಟು ನ್ಯಾಯವಾದದ್ದೇ. ಆಗ ಪೆಟ್ಟಿಗೆಯನ್ನು ನಾವು ಕೂರುವ ಕುರ್ಚಿಯ ಜಾಗದಲ್ಲಿಟ್ಟು, ಗೋಡೆಯುದ್ದಕ್ಕೂ ಬಗ್ಗಿ ನಡೆಯುತ್ತ ಕಿವಿಗೊಟ್ಟೆವು. ಮಂದ್ರ ಎಲ್ಲಿ ಸಮನಾಗಿ ಕೇಳಿತೋ ಅಲ್ಲಿಗೆ ಪೆಟ್ಟಿಗೆ ಹೋಯಿತು. ಬಗ್ಗಿ ನಡೆದವರಲ್ಲಿ ಭಾವನವರೇ ಮುಂದು! 80 ಕಂಪನಗಳ ಕೆಳಗಿನದು ಮಾತ್ರ ಅದಕ್ಕೆ ಹೋಗುವಂತೆ ತಿರುಗಿಸಿ, ದನಿಯನ್ನು ಇಳಿಸುತ್ತಾ ಬಂದೆವು. ಪೆಟ್ಟಿಗೆ ಇದೆಯೆಂದೇ ಗೊತ್ತಾಗದಷ್ಟು, ಆದರೆ ಆರಿಸಿದ ಕೂಡಲೇ ಏನೋ ಹೋಯಿತೆನಿಸುವಷ್ಟು ಉಳಿದಾಗ ನಿಲ್ಲಿಸಿದೆವು. ವೀಣೆ ಕೋಣೆಯಲ್ಲೇ ನುಡಿದಂತಾಯಿತು. ಭಾವನವರು ಮಾತಾಡಲಿಲ್ಲ; ಇನ್ನೊಂದು ಹಾಕುವಂತೆ ಕೈಸನ್ನೆ ಮಾಡಿದರು.

ಆಗ ಮಾತು ಕಲ್ಯಾಣದುರ್ಗದ ಸೀಮೆಗೆ ಹೊರಳಿತು. ಆ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು 1912ರಿಂದ 1949ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತು ಕನ್ನಡದಲ್ಲಿ ಗಾನಕಲೆಯನ್ನು ಬರೆದರು. ಆಮೇಲೆ ತಿರುಪತಿಗೆ ಹೋಗಿ, ತಾಮ್ರಪತ್ರಗಳಲ್ಲಿ ಶತಮಾನಗಳ ಕಾಲ ಮೌನವಾಗಿದ್ದ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಕೂಡಿಸಿದರು. ಒಂದೇ ಊರಿನಲ್ಲಿ ಒಬ್ಬ ಅರಸರು ಲಂಡನ್ನಿನ ಬಡ ಮುದುಕನ ದನಿಯನ್ನು ಉಳಿಸುತ್ತಿದ್ದರು. ಅಲ್ಲಿಂದಲೇ ಹೊರಟ ಒಬ್ಬ ಮೇಷ್ಟ್ರು ತಾಮ್ರದ ಹಾಳೆಗೆ ದನಿ ಕೊಟ್ಟರು.

ಜಯಚಾಮರಾಜರ ಮುಂದಿನ ಬದುಕು ಎಲ್ಲರಿಗೂ ಗೊತ್ತಿರುವುದೇ. 1947ರ ಆಗಸ್ಟಿನಲ್ಲಿ ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದರು. 1950ರಿಂದ ರಾಜಪ್ರಮುಖರು, 1956ರಿಂದ 1964ರವರೆಗೆ ಮೈಸೂರಿನ ರಾಜ್ಯಪಾಲರು, ಬಳಿಕ ಮದ್ರಾಸಿನ ರಾಜ್ಯಪಾಲರು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ರಾಜ್ಯ ಹೋಯಿತು, ಪದವಿಗಳೂ ಹೋದವು. ಮೆಟ್ನರನ ರೆಕಾರ್ಡುಗಳು ಉಳಿದಿವೆ. ಇಂದಿಗೂ ಪಿಯಾನೋ ಬಲ್ಲವರು ಅವನ್ನು ಹುಡುಕಿ ಕೇಳುತ್ತಾರೆ.

ಗಡಿನಾಡಿನವರಾದ ನಮಗೆ ಈ ಕಥೆ ಬೇರೆಯದೇ ಆದ ಒಂದು ಮಾತನ್ನು ಹೇಳುತ್ತದೆ. ನಮ್ಮ ಮಕ್ಕಳ ಸುತ್ತ ಬೇರೆ ಭಾಷೆಯ ದನಿ ಗಟ್ಟಿಯಾಗಿದೆ. ಅದರ ಮೇಲೆ ನಮಗೆ ಮುನಿಸಿಲ್ಲ. ಮನೆಯ ಕನ್ನಡ ಮಂದ್ರದ ಸ್ವರದಂತೆ ಕೆಳಗಿದೆ, ಸಣ್ಣ ಪೆಟ್ಟಿಗೆಗಳಲ್ಲಿ ಬಾರದು. ಅದು ಕೇಳಬೇಕಾದರೆ ಮೆಟ್ನರನಿಗೆ ಮಹಾರಾಜರು ಮಾಡಿದಂತೆ ಯಾರಾದರೂ ಕೈಯಿಂದ ಖರ್ಚು ಮಾಡಿ ಅದಕ್ಕೊಂದು ಜಾಗ ಮಾಡಿಕೊಡಬೇಕು. ಪುಸ್ತಕವೋ, ಪತ್ರಿಕೆಯೋ, ಸಂಜೆಯೊಂದು ಕಥೆಯೋ, ಅದು ಅವರವರ ಶಕ್ತ್ಯನುಸಾರ. ಅಬ್ಬರ ಬೇಡ, ಕಪಾಟು ಅದುರುವುದೂ ಬೇಡ. ನಿಂತರೆ ಮನೆ ಬರಿದಾಯಿತೆನಿಸುವಷ್ಟು ಇದ್ದರೆ ಸಾಕು.