ಪ್ಲಿಮ್ಸಾಲನ ಗೆರೆ

ಸರಕು ಹಡಗುಗಳ ಪಕ್ಕೆಯ ಮೇಲೆ ಒಂದು ವೃತ್ತವನ್ನೂ ಅದರ ನಡುವೆ ಹಾಯ್ದ ಅಡ್ಡಗೆರೆಯನ್ನೂ ಕಾಣಬಹುದು. ಹಡಗಿಗೆ ಎಷ್ಟು ಭಾರ ಹೇರಬಹುದೆಂಬುದನ್ನು ಅದು ಸೂಚಿಸುತ್ತದೆ. ಈ ಚಿಕ್ಕ ಗುರುತಿಗಾಗಿ ವರ್ಷಗಟ್ಟಲೆ ಹೋರಾಡಿದವನು ಸ್ಯಾಮ್ಯುಯೆಲ್ ಪ್ಲಿಮ್ಸಾಲ್.

ಅವನು 1824ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜನಿಸಿದನು. 1853ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನ ವ್ಯಾಪಾರಕ್ಕೆ ಕೈಹಾಕಿ ನಷ್ಟಹೊಂದಿ, ಕೆಲವು ಕಾಲ ಕಡುಬಡವರ ನಡುವೆ ದಿನ ನೂಕಿದನು. ಮುಂದೆ ಧನವಂತನಾದರೂ ಆ ದಿನಗಳನ್ನು ಮರೆಯಲಿಲ್ಲ. 1868ರಲ್ಲಿ ಡರ್ಬಿ ಕ್ಷೇತ್ರದಿಂದ ಪಾರ್ಲಿಮೆಂಟನ್ನು ಪ್ರವೇಶಿಸಿದನು.

ಆ ಕಾಲದಲ್ಲಿ ಕೆಲವು ಹಡಗಿನ ಒಡೆಯರು ಜೀರ್ಣವಾದ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ಅವುಗಳ ಬೆಲೆಗಿಂತ ಹೆಚ್ಚಿನ ಮೊತ್ತಕ್ಕೆ ವಿಮೆ ಮಾಡಿಸಿ ಕಡಲಿಗಟ್ಟುತ್ತಿದ್ದರು. ಹಡಗು ದಡ ಸೇರಿದರೆ ಬಾಡಿಗೆಯ ಲಾಭ. ಮುಳುಗಿದರೆ ವಿಮೆಯ ಲಾಭ. ನಷ್ಟವೆಲ್ಲ ನಾವಿಕರ ಮಡದಿಮಕ್ಕಳದು. ಜನರು ಇಂಥವನ್ನು ಶವಪೆಟ್ಟಿಗೆಯ ಹಡಗುಗಳೆಂದು ಕರೆದರು. ಒಪ್ಪಂದಕ್ಕೆ ಸಹಿ ಹಾಕಿದ ನಾವಿಕನು ಹಡಗಿನ ಸ್ಥಿತಿಯನ್ನು ಕಂಡು ಹತ್ತಲು ಹೆದರಿದರೆ ಕಾನೂನು ಅವನನ್ನೇ ಸೆರೆಮನೆಗೆ ತಳ್ಳುತ್ತಿತ್ತು, ಒಡೆಯನನ್ನು ಕೇಳುವವರಿರಲಿಲ್ಲ.

ಭಾರಕ್ಕೊಂದು ಮಿತಿ ಬೇಕೆಂಬ ವಿಚಾರ ಪ್ಲಿಮ್ಸಾಲನ ಸ್ವಂತದ್ದಲ್ಲ. ನ್ಯೂಕಾಸಲಿನ ಜೇಮ್ಸ್ ಹಾಲ್ ಎಂಬ ಹಡಗಿನ ಒಡೆಯನೇ ಅದನ್ನು ಮೊದಲು ಪ್ರತಿಪಾದಿಸಿದ್ದನು. ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಪ್ಲಿಮ್ಸಾಲನದು. 1873ರಲ್ಲಿ ಅವನು ನಾವಿಕರ ದುಃಸ್ಥಿತಿಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಆವೇಶದಿಂದ ಬರೆದ ಆ ಪುಸ್ತಕದಲ್ಲಿ ತಪ್ಪುಗಳೂ ನುಸುಳಿದ್ದವು. ಕೆಲವು ಒಡೆಯರು ಮಾನನಷ್ಟದ ಮೊಕದ್ದಮೆ ಹೂಡಿದರು. ಆದರೂ ನಾಡು ಎಚ್ಚೆತ್ತಿತು. ಸರ್ಕಾರವು ವಿಚಾರಣಾ ಆಯೋಗವನ್ನು ನೇಮಿಸಿತು.

1875ರಲ್ಲಿ ಮಸೂದೆಯೊಂದು ಸಭೆಯ ಮುಂದೆ ಬಂದಿತು. ಜುಲೈ 22ರಂದು ಪ್ರಧಾನಿ ಡಿಸ್ರೇಲಿಯು ಅದನ್ನು ಕೈಬಿಡುವುದಾಗಿ ಸಾರಿದನು. ಪ್ಲಿಮ್ಸಾಲನ ತಾಳ್ಮೆ ತಪ್ಪಿತು. ಸಭಾಮರ್ಯಾದೆಯನ್ನು ಮರೆತು ಸದಸ್ಯರನ್ನು ದುಷ್ಟರೆಂದು ಜರೆದನು. ಸಭಾಧ್ಯಕ್ಷನತ್ತ ಮುಷ್ಟಿ ಬೀಸಿದನು. ವಾರದ ಬಳಿಕ ತನ್ನ ವರ್ತನೆಗೆ ಕ್ಷಮೆ ಯಾಚಿಸಿದನೇ ಹೊರತು, ಹೇಳಿದ ಸಂಗತಿಗಳನ್ನು ಹಿಂತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಜನಾಭಿಪ್ರಾಯವು ಅವನ ಪರವಾಗಿ ಭುಗಿಲೆದ್ದಿತ್ತು. ಸರ್ಕಾರವು ತರಾತುರಿಯಿಂದ ತಾತ್ಕಾಲಿಕ ಕಾನೂನೊಂದನ್ನು ತಂದಿತು.

1876ರ ಕಾನೂನು ಭಾರದ ಗೆರೆಯನ್ನು ಕಡ್ಡಾಯಗೊಳಿಸಿತು. ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ಒಡೆಯರಿಗೇ ಬಿಟ್ಟಿತು. ಕುರಿ ಕಾಯಲು ತೋಳನನ್ನು ನೇಮಿಸಿದಂತಾಯಿತು! ಒಬ್ಬ ಕಪ್ತಾನನು ಗೆರೆಯನ್ನು ಹಡಗಿನ ಹೊಗೆಕೊಳವೆಯ ಮೇಲೆ ಬರೆಸಿದನೆಂದು ಹೇಳುವುದುಂಟು. ಗೆರೆಯ ಸ್ಥಾನವನ್ನು ಕಾನೂನೇ ಗೊತ್ತುಪಡಿಸಲು 1890ರವರೆಗೆ ಕಾಯಬೇಕಾಯಿತು. ಅದನ್ನು ಕಣ್ಣಾರೆ ಕಂಡ ಪ್ಲಿಮ್ಸಾಲನು 1898ರಲ್ಲಿ ಫೋಕ್‌ಸ್ಟನ್ ಎಂಬ ಕಡಲತಡಿಯ ಪಟ್ಟಣದಲ್ಲಿ ತೀರಿಕೊಂಡನು. 1930ರಲ್ಲಿ ಹಲವು ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ ಇಂಥ ಗೆರೆಯನ್ನು ತಮ್ಮ ಹಡಗುಗಳಿಗೂ ಒಪ್ಪಿಕೊಂಡವು.