ಮರೆವನ್ನು ಅಳೆದ ವಿಜ್ಞಾನಿ

ಇರುಳೆಲ್ಲ ಕುಳಿತು ಕಂಠಪಾಠ ಮಾಡಿದ ವಿಷಯ ಪರೀಕ್ಷೆಯ ಕೊಠಡಿಯಲ್ಲಿ ನೆನಪಿಗೆ ಬಾರದೆ ಹೋಗುವುದು ವಿದ್ಯಾರ್ಥಿಗಳೆಲ್ಲರ ಅನುಭವ. ಮರೆವು ಮನುಷ್ಯನಷ್ಟೇ ಹಳೆಯದು. ಆದರೆ ಕಲಿತದ್ದರಲ್ಲಿ ಎಷ್ಟು ಭಾಗ ಎಷ್ಟು ಹೊತ್ತಿನಲ್ಲಿ ಅಳಿದುಹೋಗುತ್ತದೆ ಎಂಬುದನ್ನು ಕ್ರಮವಾಗಿ ಅಳೆದು ನೋಡುವ ಸಾಹಸಕ್ಕೆ ಬಹುಕಾಲ ಯಾರೂ ಕೈಹಾಕಿರಲಿಲ್ಲ. ಆ ಸಾಹಸವನ್ನು ಕೈಗೊಂಡು, ತನ್ನ ಮನಸ್ಸನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್.

ಎಬ್ಬಿಂಗ್‌ಹೌಸ್ 1850ರ ಜನವರಿ 24ರಂದು ಬಾರ್ಮೆನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ವ್ಯಾಪಾರಿ. ಹದಿನೇಳನೆಯ ವಯಸ್ಸಿನಲ್ಲಿ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದ ಅವನು ಮೊದಲು ಇತಿಹಾಸವನ್ನೂ ಭಾಷಾಶಾಸ್ತ್ರವನ್ನೂ, ಬಳಿಕ ತತ್ತ್ವಶಾಸ್ತ್ರವನ್ನೂ ವ್ಯಾಸಂಗ ಮಾಡಿದನು. 1870ರಲ್ಲಿ ಪ್ರಷ್ಯಕ್ಕೂ ಫ್ರಾನ್ಸಿಗೂ ಯುದ್ಧ ಆರಂಭವಾದಾಗ ಓದನ್ನು ನಿಲ್ಲಿಸಿ ಸೈನ್ಯವನ್ನು ಸೇರಿದನು. ಯುದ್ಧ ಮುಗಿದ ಮೇಲೆ ಹಿಂತಿರುಗಿ, 1873ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಅನಂತರ ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ಪಾಠ ಹೇಳುತ್ತ ಕೆಲವು ವರ್ಷ ಕಳೆದನು.

ಆ ದಿನಗಳಲ್ಲಿ ಪ್ಯಾರಿಸ್ ನಗರದ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಫೆಕ್ನರ್ ಎಂಬ ವಿದ್ವಾಂಸನ ಗ್ರಂಥ ಅವನ ಕೈಗೆ ಸಿಕ್ಕಿತೆಂದು ಹೇಳುತ್ತಾರೆ. ಮನುಷ್ಯನ ಸಂವೇದನೆಗಳನ್ನು ಗಣಿತದ ನೆರವಿನಿಂದ ಅಳೆಯಬಹುದೆಂದು 1860ರಲ್ಲಿ ಪ್ರಕಟವಾಗಿದ್ದ ಆ ಗ್ರಂಥ ತೋರಿಸಿತ್ತು. ಸಂವೇದನೆಯನ್ನು ಅಳೆಯಬಹುದಾದರೆ ಸ್ಮರಣೆಯನ್ನೇಕೆ ಅಳೆಯಬಾರದು ಎಂಬ ಪ್ರಶ್ನೆ ಎಬ್ಬಿಂಗ್‌ಹೌಸನ ಮನಸ್ಸಿನಲ್ಲಿ ಮೂಡಿತು. ಸ್ಮರಣೆಯಂತಹ ಉನ್ನತ ಮಾನಸಿಕ ವ್ಯಾಪಾರಗಳು ಪ್ರಯೋಗಕ್ಕೆ ನಿಲುಕಲಾರವೆಂದು ಅಂದಿನ ಹಿರಿಯ ಮನಃಶಾಸ್ತ್ರಜ್ಞ ವುಂಟ್ ಭಾವಿಸಿದ್ದನು. ಆದರೂ ಎಬ್ಬಿಂಗ್‌ಹೌಸ್ ಹಿಂಜರಿಯಲಿಲ್ಲ.

1879ರಲ್ಲಿ ಅವನು ಪ್ರಯೋಗವನ್ನು ಆರಂಭಿಸಿದನು. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಒಳಗಾಗುವವನೂ ಅವನೇ. ಪರಿಚಿತವಾದ ಪದಗಳಿಗೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆ. ಆದ್ದರಿಂದ ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿರಿಸಿ, ಬೋಕ್, ತೂಷ್, ನೇಫ್ ಎಂಬ ಮಾದರಿಯ ಸುಮಾರು 2,300 ನಿರರ್ಥಕ ಪದಾಂಶಗಳನ್ನು ರಚಿಸಿಕೊಂಡನು. ಅವುಗಳನ್ನು ಸಾಲಾಗಿ ಜೋಡಿಸಿ, ಒಂದೇ ವೇಗದಲ್ಲಿ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೂ ಕಲಿಯುತ್ತಿದ್ದನು. ನಿಗದಿಯಾದ ಕಾಲ ಕಳೆದ ಮೇಲೆ ಅದೇ ಸಾಲನ್ನು ಮತ್ತೆ ಕಲಿಯುತ್ತಿದ್ದನು. ಮೊದಲ ಸಲ ಇಪ್ಪತ್ತು ನಿಮಿಷ ಹಿಡಿದದ್ದಕ್ಕೆ ಎರಡನೆಯ ಸಲ ಹನ್ನೆರಡು ನಿಮಿಷ ಸಾಕಾದರೆ ಶೇಕಡ 40ರಷ್ಟು ಶ್ರಮ ಉಳಿದಂತಾಯಿತು. ಈ ಉಳಿತಾಯವೇ ಸ್ಮರಣೆಯ ಅಳತೆಗೋಲಾಯಿತು.

ಈ ಕೆಲಸ ಸುಲಭವಾಗಿರಲಿಲ್ಲ. ದೀರ್ಘಕಾಲ ಓದಿದಾಗ ಅವನಿಗೆ ಆಯಾಸವೂ ತಲೆನೋವೂ ಉಂಟಾಗುತ್ತಿದ್ದವು. ತನ್ನೊಬ್ಬನ ಮನಸ್ಸನ್ನೇ ನಂಬಿದ್ದುದರಿಂದ ತನ್ನನ್ನು ತಾನೇ ವಂಚಿಸಿಕೊಳ್ಳುವ ಅಪಾಯವೂ ಇತ್ತು. ಅದನ್ನರಿತ ಎಬ್ಬಿಂಗ್‌ಹೌಸ್ ಫಲಿತಾಂಶವನ್ನು ಪ್ರಕಟಿಸಲು ಆತುರಪಡಲಿಲ್ಲ. 1883 ಮತ್ತು 1884ರಲ್ಲಿ ಪ್ರಯೋಗಗಳನ್ನು ಮತ್ತೆ ನಡೆಸಿ ನೋಡಿದನು. 1885ರಲ್ಲಿ ಸ್ಮರಣೆಯನ್ನು ಕುರಿತ ಅವನ ಗ್ರಂಥ ಹೊರಬಂದಿತು.

ಮರೆವಿಗೂ ಒಂದು ನಿಯಮವಿದೆ ಎಂಬುದನ್ನು ಆ ಗ್ರಂಥ ತಿಳಿಸಿತು. ಕಲಿತ ಇಪ್ಪತ್ತು ನಿಮಿಷಗಳ ಮೇಲೆ ಉಳಿತಾಯ ಶೇಕಡ 58. ಒಂದು ಗಂಟೆಯ ಮೇಲೆ 44, ಒಂದು ದಿನದ ಮೇಲೆ 34. ಮೂವತ್ತೊಂದು ದಿನಗಳಾದ ಮೇಲೂ 21 ಉಳಿದಿತ್ತು. ಎಂದರೆ ಮರೆವು ಮೊದಲು ವೇಗವಾಗಿ, ಅನಂತರ ನಿಧಾನವಾಗಿ ಸಾಗುತ್ತದೆ. ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ಹನ್ನೆರಡು ಪದಾಂಶಗಳ ಸಾಲನ್ನು ಒಂದೇ ದಿನ 68 ಸಲ ಓದಿದಾಗ ದೊರೆತ ಫಲ, ಓದನ್ನು ಮೂರು ದಿನಗಳಿಗೆ ಹಂಚಿದಾಗ ಕೇವಲ 38 ಸಲಕ್ಕೇ ದೊರೆಯಿತು. ಅರ್ಥವುಳ್ಳ ಕಾವ್ಯವನ್ನು ಕಲಿಯಲು, ಅಷ್ಟೇ ಉದ್ದದ ನಿರರ್ಥಕ ಸಾಲುಗಳಿಗೆ ಬೇಕಾದ ಶ್ರಮದ ಹತ್ತನೆಯ ಒಂದು ಪಾಲು ಸಾಕಾಯಿತು.

ನಿದ್ರೆಯೂ ಸೇರಿದ್ದ ಅವಧಿಯಲ್ಲಿ ಮರೆವು ತೀರ ಅಲ್ಪವಾಗಿದ್ದುದು ಅವನ ಅಂಕಿಗಳಲ್ಲಿ ಕಂಡುಬಂದಿತ್ತು. ಕಲಿತೊಡನೆ ಮಲಗಿದವರು, ಎಚ್ಚರವಾಗಿದ್ದವರಿಗಿಂತ ಹೆಚ್ಚನ್ನು ನೆನಪಿನಲ್ಲಿಡುತ್ತಾರೆಂದು 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಪ್ರಯೋಗದಿಂದ ತೋರಿಸಿದರು. 2015ರಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ಎಬ್ಬಿಂಗ್‌ಹೌಸನ ಪ್ರಯೋಗವನ್ನು ಪುನಃ ನಡೆಸಿದಾಗ, ಅವನ ಫಲಿತಾಂಶಗಳನ್ನೇ ಹೋಲುವ ಫಲಿತಾಂಶಗಳು ಬಂದವು.

ಇಷ್ಟಾದರೂ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಸ್ಥಾನ ಅವನಿಗೆ ದೊರೆಯಲಿಲ್ಲ. 1894ರಲ್ಲಿ ಅವನು ಬ್ರೆಸ್ಲಾವ್ ನಗರಕ್ಕೆ ಹೋದನು. ಅಲ್ಲಿ ಶಾಲಾಮಕ್ಕಳ ಮಾನಸಿಕ ಸಾಮರ್ಥ್ಯವನ್ನು ತಿಳಿಯಲು, ಬಿಟ್ಟ ಸ್ಥಳಗಳನ್ನು ತುಂಬಿ ವಾಕ್ಯವನ್ನು ಪೂರ್ಣಗೊಳಿಸುವ ಪರೀಕ್ಷೆಯನ್ನು ರೂಪಿಸಿದನು. ತನ್ನ ಮುಂದಿನ ಮಹಾಗ್ರಂಥವನ್ನು ತನಗೆ ದಾರಿ ತೋರಿದ ಫೆಕ್ನರನ ಸ್ಮರಣೆಗೆ ಅರ್ಪಿಸಿದನು. 1905ರಲ್ಲಿ ಹಾಲೆ ನಗರಕ್ಕೆ ತೆರಳಿದ ಅವನು, 1909ರ ಫೆಬ್ರವರಿ 26ರಂದು ನ್ಯುಮೋನಿಯದಿಂದ ನಿಧನನಾದನು. ಆಗ ಅವನಿಗೆ ಐವತ್ತೊಂಬತ್ತು ವರ್ಷ.

ಮರೆಯುವುದು ದಡ್ಡತನದ ಗುರುತಲ್ಲ. ಅದು ಮನಸ್ಸಿನ ಸಹಜ ಧರ್ಮ. ಅರ್ಥವನ್ನು ಗ್ರಹಿಸಿ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಓದಿ, ಮತ್ತೆ ಮತ್ತೆ ಮನನ ಮಾಡುವವನಿಗೆ ವಿದ್ಯೆ ಉಳಿಯುತ್ತದೆ. ಅರ್ಥವಿಲ್ಲದ ಸಾಲುಗಳನ್ನು ಸಾವಿರಾರು ಸಲ ಓದಿದ ಎಬ್ಬಿಂಗ್‌ಹೌಸನ ತಪಸ್ಸು ಜಗತ್ತಿಗೆ ತಿಳಿಸಿದ ಅರ್ಥವತ್ತಾದ ಸತ್ಯ ಇದು.